ಖಾಲಿ ಬೆಂಚಿನ ಹಾಜರಿ

ಶಹಾಪುರದ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ, ಮನೆಯಲ್ಲಿ ಬುದ್ಧವಂದನೆ ಮಾಡುತ್ತೇನೆ, ಬಿಡುವಾದಾಗ ದೆವ್ವದ ಕಥೆ ಬರೆಯುತ್ತೇನೆ. ಈ ಮೂರೂ ಒಬ್ಬಳಲ್ಲೇ ಹೇಗೆ ಇರುತ್ತವೆ ಎಂದು ಕೇಳಿದವರಿಗೆ ಮೊದಮೊದಲು ವಿವರಿಸುತ್ತಿದ್ದೆ. ಈಗ ಬಿಟ್ಟಿದ್ದೇನೆ.

ಈ ದೆವ್ವದ ಹುಚ್ಚು ಹಿಡಿಸಿದವಳು ಅವ್ವ. ವನದುರ್ಗದ ಹತ್ತಿರದ ನಮ್ಮೂರಲ್ಲಿ ಅವಳು ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಕೆಲಸ ಇಲ್ಲದ ದಿನ ನನ್ನನ್ನು ಕರೆದುಕೊಂಡು ಸುರಪುರಕ್ಕೆ ಮಧ್ಯಾಹ್ನದ ಆಟಕ್ಕೆ ಹೋಗುವಳು. ಅದೂ ದೆವ್ವದ ಸಿನೆಮಾ ಇದ್ದರೆ ಮಾತ್ರ. ಊರೂರು ತಿರುಗಿ ಗೀರುಬಿದ್ದ ಹಳೆಯ ಹಿಂದಿ ಸಿನೆಮಾಗಳು. ಎಲ್ಲದರಲ್ಲೂ ಒಂದು ಹಾಳು ಬಂಗಲೆ, ತಾನಾಗಿ ತೆರೆದುಕೊಳ್ಳುವ ಬಾಗಿಲು, ದೀಪ ಹಿಡಿದು ಮೆಟ್ಟಿಲು ಹತ್ತಿ ಇಳಿಯುವ ಬಿಳಿ ಸೀರೆಯ ಹೆಂಗಸು. ಒಮ್ಮೆ ನಾನು ಹೆದರಿ ಅವಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವ್ವ ಸೆರಗು ಕಿತ್ತುಕೊಂಡಳು.

"ಕಣ್ಣ ತಗಿ. ಒಳಗ ಹೊಂಟಾರ ನೋಡು. ಅಡಗಿ ಮನಿತನಕ ತೋರಸ್ತಾರ."

ಅವಳು ಕೂಲಿಗೆ ಹೋಗುತ್ತಿದ್ದ ಹೊಲದ ಧಣಿಗಳಿಗೆ ಊರ ನಡುವೆ ದೊಡ್ಡ ವಾಡೆ ಇತ್ತು. ಅಷ್ಟು ವರ್ಷ ದುಡಿದರೂ ಅವಳು ಅದರ ಅಂಗಳ ದಾಟಿರಲಿಲ್ಲ. ನೀರು ಕೇಳಿದರೂ ಅಂಗಳದಲ್ಲೇ, ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ಸಿನೆಮಾದಲ್ಲಿ ಮಾತ್ರ ಅವಳು ದೊಡ್ಡ ಮನೆಯ ಒಂದೊಂದು ಕೋಣೆಯನ್ನೂ ಶೇಂಗಾ ತಿನ್ನುತ್ತ, ಕಾಲು ಚಾಚಿಕೊಂಡು ನೋಡುತ್ತಿದ್ದಳು. ಅಲ್ಲಿ ಧಣಿಗಳೇ ಹೆದರಿ ಓಡುತ್ತಿದ್ದರು. ಅವ್ವ ತೊಡೆ ತಟ್ಟಿಕೊಂಡು ನಗುತ್ತಿದ್ದಳು.

ಹೀಗಾಗಿ ನಾನು ಕಥೆ ಬರೆಯಲು ಕೂತಾಗ ದೆವ್ವವೇ ಬಂತು. ಒಂದು ಕಥೆಯಲ್ಲಿ ಹಳ್ಳಿಯ ಶಾಲೆಗೆ ಹೊಸ ಟೀಚರ್ ಬರುತ್ತಾಳೆ. ದಿನಾ ಹಾಜರಿ ಕೂಗುವಾಗ ಯಾರೂ ಕೂರದ ಕೊನೆಯ ಬೆಂಚಿನಿಂದ ಒಂದು ದನಿ 'ಹಾಜರ್ ಟೀಚರ್' ಅನ್ನುತ್ತದೆ. ಯಾದಗಿರಿಯಲ್ಲಿ ಕೆಲವರು ಸೇರಿ ಜಿಲ್ಲೆಯ ಕಥೆಗಾರರ ಸಂಕಲನ ತರುತ್ತಿದ್ದರು. ನನಗೂ ಕಥೆ ಕೇಳಿದ್ದರು. ಇದನ್ನೇ ಕಳಿಸಿದೆ. ಸಂಪಾದಕರು ಕಾಲೇಜಿನಲ್ಲಿ ಕನ್ನಡ ಕಲಿಸುವವರು, ಹಿರಿಯರು. ಬಂದು ಕಾಣಲು ಹೇಳಿದರು.

ಹೋದೆ. ಚಹಾ ತರಿಸಿದರು. ನನ್ನ ಹಾಳೆಗಳು ಅವರ ಮುಂದಿದ್ದವು.

"ಕಥಿ ಛಲೋ ಅದ ಮೇಡಂ. ಆದ್ರ ಇದು ನಿಮ್ಮ ಅನುಭವ ಅಲ್ಲ. ನಿಮ್ಮಂಥವರ ಕಡಿಂದ ನಮಗ ಬೇಕಾಗಿದ್ದು ನಿಮ್ಮ ಅವ್ವನ ಬದುಕು, ನೀವು ಪಟ್ಟ ಕಷ್ಟ. ಅದನ್ನ ಬರೀರಿ."

"ನಮ್ಮವ್ವನ ಬದುಕಿನಾಗ ದೆವ್ವದ ಸಿನೆಮಾನೂ ಅದಾವ್ರಿ ಸರ್."

ಅವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು. "ಇರಲಿ, ಕೊನೀಗೆ ಒಂದೆರಡು ಸಾಲು ಸೇರಸ್ರಿ. ಆ ದನಿ ಅಂದ್ರ ಸಾಲಿ ಬಿಟ್ಟ ನಿಮ್ಮ ಓಣಿ ಮಕ್ಕಳ ದನಿ ಅಂತ. ಓದೋರಿಗೆ ಸಂಕೇತ ತಿಳೀತದ."

"ಅದು ಸಂಕೇತ ಅಲ್ರಿ ಸರ್. ದೆವ್ವ."

"ದೆವ್ವಕ್ಕ ಏನಾರ ಅರ್ಥ ಇರಬೇಕಲ್ರಿ?"

"ನಿಮ್ಮ ಕಥಿಯೊಳಗ ಮಳಿ ಬಂದ್ರ ಅದು ಬರೇ ಮಳಿ ಆಗಿದ್ರ ನಡೀತದ. ನನ್ನ ದೆವ್ವ ಬರೇ ದೆವ್ವ ಆಗಿದ್ರ ಯಾಕ ನಡ್ಯಂಗಿಲ್ರಿ?"

ಅವರ ಮುಖ ಬಿಗಿಯಾಯಿತು. ಒಳ್ಳೆಯವರೇ, ನನಗೆ ಕೆಟ್ಟದ್ದು ಬಯಸಿದವರಲ್ಲ. ಆದರೆ ನಮ್ಮ ಓಣಿಯವರಿಗೆ ಅಳುವುದೊಂದೇ ಕೆಲಸ ಎಂದು ಅವರು ಯಾವಾಗಲೋ ನಿರ್ಧರಿಸಿದ್ದರು. ಹೆದರಿಸುವ ಹಕ್ಕು ನಮಗಿಲ್ಲವೇ? ಹಾಳೆಗಳನ್ನು ಎತ್ತಿ ಬ್ಯಾಗಿಗೆ ಹಾಕಿಕೊಂಡು, ನಮಸ್ಕಾರ ಹೇಳಿ ಎದ್ದೆ. ಚಹಾ ಅರ್ಧ ಉಳಿದಿತ್ತು.

ಮರುದಿನ ರಜೆ. ಅವ್ವ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರಡುತ್ತಿದ್ದಳು. ನಡೆದದ್ದನ್ನು ಹೇಳಿದೆ. ಅವಳಿಗೆ ಸಂಪಾದಕರ ಮಾತಿನಲ್ಲಿ ಆಸಕ್ತಿಯೇ ಇರಲಿಲ್ಲ. "ಕಥಿ ಓದು" ಅಂದಳು. ಬಿಸಿಲಿನಲ್ಲೇ ಕೂತು ಓದಿದೆ. ಮೆಣಸಿನಕಾಯಿಯ ಘಾಟಿಗೆ ನಡುನಡುವೆ ಸೀನು ಬರುತ್ತಿತ್ತು. ಮುಗಿದ ಮೇಲೆ ಅವ್ವ ಇನ್ನೊಂದು ಬೊಗಸೆ ಮೆಣಸಿನಕಾಯಿ ಹರಡಿದಳು.

"ಹೆದ್ರಿಕಿ ಸಾಲಂಗಿಲ್ಲ ಬಿಡು."

"ಯಾಕವ್ವ?"

"ಟೀಚರ್ ಹೆಸರು ಕರದ ಮ್ಯಾಲ ಅದು ಹಾಜರ್ ಅಂದ್ರ ಏನಾತು? ಯಾರರೆ ಕರದ್ರ ಯಾರರೆ ಓ ಅಂತಾರ. ಆಕಿ ಬಾಯಿ ತಗಿಯೋಕಿಂತ ಮೊದ್ಲ ಅನ್ಲಿ."

ಬಿಸಿಲಿನಲ್ಲಿ ಕೂತಿದ್ದರೂ ನನಗೆ ಮೈ ಜುಮ್ಮೆಂದಿತು. ಆ ದಿನವೇ ತಿದ್ದಿದೆ.

ಕೆಲವು ತಿಂಗಳ ಮೇಲೆ ಶಹಾಪುರದಲ್ಲಿ ಒಂದು ಕಥಾಗೋಷ್ಠಿ ನಡೆಯಿತು. ಕರೆದವರು ಫೋನಿನಲ್ಲಿ "ಸಾಮಾಜಿಕ ಕಥಿ ತರ್ರಿ ಮೇಡಂ" ಅಂದಿದ್ದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನನ್ನ ಸರದಿ ಬಂದದ್ದು ಊಟದ ನಂತರ. ಸಭೆ ತೂಕಡಿಸುತ್ತಿತ್ತು. ಮುಂದಿನ ಸಾಲಿನಲ್ಲಿ ಅಪ್ಪನ ತಮ್ಮ, ನನ್ನ ಕಾಕಾ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದರು. ಓಣಿಯ ಬುದ್ಧವಿಹಾರದಲ್ಲಿ ವಂದನೆ ಹೇಳಿಸುವವರು ಅವರೇ. ನನ್ನನ್ನು ಓದಿಸಿದವರೂ ಅವರೇ.

ಹಾಜರಿಯ ಕಥೆಯನ್ನೇ ಓದತೊಡಗಿದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲುಗಳ ಗುಸುಗುಸು ನಿಂತಿತು. ಸಂಚಾಲಕರು ಒಂದು ಚೀಟಿ ತಂದಿಟ್ಟರು: ಸಮಯ ಆಯಿತು. ನನಗಿಂತ ಮೊದಲು ಓದಿದವರು ಎಷ್ಟು ಹೊತ್ತು ತೆಗೆದುಕೊಂಡಿದ್ದರೆಂದು ಎಲ್ಲರಿಗೂ ಗೊತ್ತಿತ್ತು. ಆ ಚೀಟಿಯನ್ನು, ಓದಿಯಾದ ಹಾಳೆಗಳ ಕೆಳಗೆ ಸೇರಿಸಿ ಮುಂದುವರಿದೆ. ಟೀಚರ್ ಪುಸ್ತಕ ತೆರೆದಳು, ಬಾಯಿ ತೆರೆಯುವ ಮುಂಚೆಯೇ ಕೊನೆಯ ಬೆಂಚಿನಿಂದ ದನಿ ಬಂತು. ಅಂಗನವಾಡಿಯಿಂದ ಬಂದಿದ್ದ ಹೆಂಗಸರ ಸಾಲಿನಲ್ಲಿ ಒಬ್ಬಾಕೆ "ಯವ್ವಾ" ಎಂದು ಪಕ್ಕದವಳ ಕೈ ಹಿಡಿದಳು. ಆ ಒಂದು ಶಬ್ದಕ್ಕೆ ನನಗೆ ಯಾವ ಶಾಲು ಹಾರವೂ ಸಮ ಅನ್ನಿಸಲಿಲ್ಲ. ಕೊನೆಯ ಸಾಲಿನವರೆಗೂ ಓದಿ ಇಳಿದೆ.

ಹೊರಗೆ ಕಾಕಾ ಕಾಯುತ್ತಿದ್ದರು.

"ದೇವರು ದೆವ್ವ ಎಲ್ಲಾ ಬಿಟ್ಟು ಬಂದ ಮನಿ ನಮ್ದು. ನೀ ಮತ್ತ ಒಳಗ ಕರ್ಕೊಂಡು ಬರಾಕತ್ತೀಯಲ್ಲ."

"ದೆವ್ವ ಇಲ್ಲ ಅಂತ ನನಗೂ ಗೊತ್ತದ ಕಾಕಾ. ಇರೋದನ್ನ ಪಾಠ ಮಾಡ್ತೀನಿ, ಇಲ್ಲದ್ದನ್ನ ಕಥಿ ಮಾಡ್ತೀನಿ. ಯಾರಿಗೂ ತಾಯತ ಕಟ್ಟಾಕತ್ತಿಲ್ಲಲ್ಲ."

"ಮಂದಿ ಏನಂತಾರ?"

"ಮಂದಿ ಹೆದ್ರಿದ್ರಲ್ಲ, ನೀವೂ ನೋಡಿದ್ರಲ್ಲ."

ಅವರು ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ. ಆ ದಿನ ಬೈಕಿನಲ್ಲಿ ಮನೆತನಕ ಬಿಟ್ಟು, ಚಹಾ ಕುಡಿಯದೆ ಹೋದರು.

ಯಾದಗಿರಿಯ ಸಂಕಲನ ನನ್ನ ಕಥೆ ಇಲ್ಲದೆ ಬಂತು. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆದರೆ ಸಂಪಾದಕರು ಹೇಳಿದ ಆ ಎರಡು ಸಾಲು ಸೇರಿಸಿದ್ದರೆ ಇನ್ನೂ ಬೇಜಾರಾಗುತ್ತಿತ್ತು. ಅಷ್ಟರಲ್ಲಿ ನನ್ನ ಬಳಿ ಇನ್ನಷ್ಟು ಕಥೆಗಳಾಗಿದ್ದವು. ಒಂದರಲ್ಲಿ ಬೋನಾಳ ಕೆರೆಗೆ ಬಂದ ಹಕ್ಕಿಗಳು ಹಾರಿಹೋದರೂ ಅವುಗಳ ನೆರಳು ನೀರಿನಲ್ಲೇ ಉಳಿಯುತ್ತದೆ. ಇನ್ನೊಂದರಲ್ಲಿ ಹತ್ತಿಕುಣಿಗೆ ಹೊರಟ ಬಸ್ಸು ಪ್ರತಿ ಸ್ಟಾಪಿನಲ್ಲೂ ಅದೇ ಮುದುಕಿಯನ್ನು ಹತ್ತಿಸಿಕೊಳ್ಳುತ್ತದೆ. ಎಲ್ಲವನ್ನೂ ಸೇರಿಸಿ ನಾನೇ ಪುಸ್ತಕ ಮಾಡಿಸಿದೆ.

ಡಿಟಿಪಿ ಅಂಗಡಿಯವನು ಬೆನ್ನುಪುಟವನ್ನು ಸ್ವಂತ ಉಮೇದಿನಿಂದ ತಯಾರು ಮಾಡಿಟ್ಟಿದ್ದ. ನನ್ನ ಫೋಟೋದ ಕೆಳಗೆ 'ನೊಂದವರ ದನಿ' ಎಂದಿತ್ತು.

"ಇದನ್ನ ತಗೀರಿ" ಅಂದೆ.

"ಎಲ್ಲರೂ ಹಿಂಗ ಹಾಕಸ್ತಾರ್ರಿ ಮೇಡಂ. ಮತ್ತ ಏನ್ ಹಾಕ್ಲಿ?"

"ದೆವ್ವದ ಕಥೆ ಬರೆಯುತ್ತಾರೆ, ಅಂತ ಹಾಕ್ರಿ."

ಅವನು ಒಮ್ಮೆ ನನ್ನ ಮುಖ ನೋಡಿ, ಟೈಪ್ ಮಾಡಿದ. ಅಕ್ಷರ ಸಣ್ಣದಾಯಿತು ಅನ್ನಿಸಿ ಇನ್ನೂ ದಪ್ಪ ಮಾಡಿಸಿದೆ.