ಟಾಕಿಯ ಕೆಳಗಿನ ನಳ

ನಮ್ಮ ಓಣಿಗೆ ನೀರು ಬರುವುದು ಬೆಳಗಿನ ಐದೂವರೆಗೆ. ಆರೂವರೆಗೆ ನಿಂತುಬಿಡುತ್ತದೆ. ನನ್ನ ಡ್ಯೂಟಿ ಶುರುವಾಗುತ್ತಿದ್ದುದು ಹತ್ತಕ್ಕೆ. ಅದೊಂದೇ ಕಾರಣಕ್ಕೆ ನಾನು ಮೂರು ವರ್ಷ ರಜಿಸ್ಟರಿನಲ್ಲಿ ಸುಳ್ಳು ಬರೆದೆ.

ವಾರ್ಡಿನ ಹೆಸರು ಹೇಳುವುದಿಲ್ಲ. ಮುಂಬೈಯ ಲೋಕಲ್ ರೈಲು ಹತ್ತಿದರೆ ಒಂದು ಕಡೆ ಠಾಣೆ, ಇನ್ನೊಂದು ಕಡೆ ಕಲ್ಯಾಣ, ಅಷ್ಟು ಸಾಕು. ವಿಜಯಪುರ ಜಿಲ್ಲೆಯಿಂದ ಬಂದ ನಾನು ಬಹಳ ವರ್ಷ ಗೋದಾಮಿನಲ್ಲಿ ಹಮಾಲಿ ಮಾಡಿದೆ. ಮೂವತ್ತಾರನೆಯ ವಯಸ್ಸಿಗೆ ಹತ್ತನೇ ಪಾಸಾದೆ. ಆ ಸರ್ಟಿಫಿಕೇಟಿನ ಮೇಲೆ ನೀರಿನ ವಿಭಾಗದಲ್ಲಿ ಕಾಂಟ್ರಾಕ್ಟ್ ಕೆಲಸ ಸಿಕ್ಕಿತು. ವರ್ಷಕ್ಕೊಮ್ಮೆ ಸಾಹೇಬರ ಸಹಿ ಬೀಳಬೇಕು. ಬೀಳದಿದ್ದರೆ ಮತ್ತೆ ಮೂಟೆ.

ಕೆಲಸ ಕಷ್ಟದ್ದಲ್ಲ. ಪ್ರತಿ ಓಣಿಯ ನಳದಿಂದ ಸಣ್ಣ ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಔಷಧದ ಹನಿ ಹಾಕಬೇಕು. ನೀರು ಹಳದಿಯಾದರೆ ಕ್ಲೋರಿನ್ ಇದೆ ಎಂದರ್ಥ. ಬಣ್ಣ ಬರದಿದ್ದರೆ ಎಲ್ಲೋ ಗಟಾರದ ನೀರು ಸೇರುತ್ತಿರಬಹುದು. ಡಬ್ಬಿಯ ಮೇಲಿನ ಬಣ್ಣದ ಪಟ್ಟಿಗೆ ಹೋಲಿಸಿ ಅಂಕಿ ಬರೆಯಬೇಕು.

ಕೆಲಸ ಕಲಿಸಿದವರು ನಮ್ಮ ಆಫೀಸಿನ ಹಿರಿಯರು, ಸೊಲ್ಲಾಪುರದ ಕಡೆಯ ಕನ್ನಡದವರು. ಕಾಕಾ ಎನ್ನುತ್ತಿದ್ದೆ. ಮೊದಲ ದಿನವೇ ಅವರು ನನ್ನನ್ನು ನೀರಿನ ಟಾಕಿಯ ಬುಡಕ್ಕೆ ಕರೆದೊಯ್ದರು.

"ಹತ್ತು ಗಂಟೆಕ್ಕ ಯಾವ ಓಣ್ಯಾಗ ನೀರ ಇರ್ತಾವಪಾ? ಈ ನಳ ಒಂದ ನೋಡು, ದಿನಾಪೂರ್ತಿ ಬರ್ತದ. ಇಲ್ಲೇ ಹಿಡಿ, ಎಲ್ಲಾ ಓಣಿಗೂ ಬರಿ. ಒಂದ ಅಂಕಿ ಬರೀಬ್ಯಾಡ ಮತ್ತ, ಚೂರು ಹೆಚ್ಚು ಕಮ್ಮಿ ಮಾಡು."

"ಕಾಕಾ, ಯಾರರೇ ಕೇಳಿದ್ರ?"

"ಕೇಳಬೇಕಂದ್ರ ಮೊದಲ ಓದಬೇಕಲೇ. ಇದನ್ನ ಯಾವಾವ ಓದ್ಯಾನ?"

ಅದು ನಿಜವಾಗಿತ್ತು. ರಜಿಸ್ಟರುಗಳು ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಆದರೆ ನಮ್ಮ ಮನೆಯಲ್ಲಿ ಹೆಂಡತಿ ನೀರು ಕಾಯಿಸಿಯೇ ಕೊಡುತ್ತಿದ್ದಳು. ಕಾಯಿಸು ಎಂದವನು ನಾನೇ. ಕಾಕಾನ ಮನೆಯಲ್ಲೂ ಹಾಗೆಯೇ. ನಮಗೆಲ್ಲ ಗೊತ್ತಿದ್ದ ಸಂಗತಿ ರಜಿಸ್ಟರಿನಲ್ಲಿ ಮಾತ್ರ ಇರಲಿಲ್ಲ.

ಹೋದ ವರ್ಷ ಬೇಲಾಪುರದ ಮೇಲಿನ ಕಚೇರಿಯಿಂದ ಒಬ್ಬ ಮೇಡಂ ಬಂದರು. ನನಗಿಂತ ಚಿಕ್ಕವರು. ಹಳೆಯ ಪೈಪು ಬದಲಿಸುವ ಕೆಲಸ ಇನ್ನು ಮೇಲೆ ಯಾರದೋ ಶಿಫಾರಸಿನ ಚೀಟಿ ತಂದವರ ಓಣಿಯಿಂದ ಶುರುವಾಗುವುದಿಲ್ಲ, ಪರೀಕ್ಷೆಯ ಅಂಕಿ ಎಲ್ಲಿ ಕೆಟ್ಟದಾಗಿದೆಯೋ ಆ ಓಣಿಯಿಂದ ಶುರುವಾಗುತ್ತದೆ ಎಂದರು. ಎಷ್ಟು ನ್ಯಾಯದ ಮಾತು! ಅದನ್ನು ಕೇಳುತ್ತ ನನಗೆ ನೆನಪಾದದ್ದು ಟಾಕಿಯ ಬುಡದ ನಳ.

ಮೂರು ವರ್ಷದ ರಜಿಸ್ಟರನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನಗೇ ಬಂತು. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುತ್ತಿದ್ದೆ. ಅಂಕಿ ಒಳ್ಳೆಯದಿದ್ದರೆ ಪರದೆಯ ಮೇಲಿನ ಆ ಚೌಕ ತಾನಾಗಿ ಹಸಿರಾಗುತ್ತಿತ್ತು. ನಮ್ಮ ಓಣಿಯ ಸಾಲು ಮೇಲಿಂದ ಕೆಳಗಿನವರೆಗೆ ಹಸಿರು. ನಿಜದಲ್ಲಿ ನಮ್ಮ ಓಣಿಯ ಪೈಪು ಗಟಾರದೊಳಗೇ ಮಲಗಿದೆ. ಈ ಲೆಕ್ಕದಲ್ಲಿ ಹೊಸ ಪೈಪಿಗೆ ನಮ್ಮ ವಾರ್ಡಿನ ಸರದಿ ಎಲ್ಲರಿಗಿಂತ ಕೊನೆಗೆ, ಅದೂ ನನ್ನ ಕೈಯಿಂದಲೇ.

ಅದೇ ವಾರ ಎದುರು ಖೋಲಿಯ ಅಕ್ಕನ ಮಗಳಿಗೆ ವಾಂತಿ ಭೇದಿಯಾಗಿ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು. ಅಕ್ಕ ಕಲಬುರಗಿ ಕಡೆಯವಳು, ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಮರುದಿನ ನಮ್ಮ ಬಾಗಿಲಲ್ಲಿ ನಿಂತಳು.

"ಅಣ್ಣಾ, ನೀ ನೀರಿನ ಆಫೀಸಿನಾವ. ನಮ್ಮ ನೀರು ಚಲೋ ಅದಾವೇನು?"

"ಕಾಸಿ ಕುಡೀರಿ ಅಕ್ಕಾ."

"ನಿಮ್ಮನ್ಯಾಗ ಕಾಸತೀರೇನು?"

"ಹೂಂ."

"ಯಾವಾಗಿಂದ?"

ಅವಳು ನನ್ನ ಮುಖವನ್ನೇ ನೋಡಿದಳು.

"ಹಂಗಾರ ನಿಮಗ ಗೊತ್ತಿತ್ತು. ದೊಡ್ಡ ಸಾಹೇಬ ಆಗೀಯಪಾ," ಎಂದು ಹೊರಟುಹೋದಳು.

ಮಗು ಉಳಿಯಿತು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಅಷ್ಟರಲ್ಲಿ ಮೇಡಂ ಫೋನು ಬಂತು. "ದಾದಾ, ತುಮ್ಚಂ ರಜಿಸ್ಟರ್ ಏಕ್ ನಂಬರ್!" ನನ್ನ ರಜಿಸ್ಟರೇ ಎಲ್ಲಕ್ಕಿಂತ ಚೊಕ್ಕವಂತೆ, ಒಂದು ದಿನವೂ ಖಾಲಿ ಬಿಟ್ಟಿಲ್ಲವಂತೆ. ಸುತ್ತಲಿನ ಊರುಗಳ ನೀರಿನ ವಿಭಾಗದವರು ಬೇಲಾಪುರದಲ್ಲಿ ಸೇರುತ್ತಿದ್ದಾರೆ, ಇಷ್ಟು ಚೊಕ್ಕವಾಗಿ ಹೇಗೆ ಇಟ್ಟಿರಿ ಎಂದು ನೀವು ಬಂದು ಅವರಿಗೆ ತಿಳಿಸಬೇಕು ಎಂದರು.

ಕಾಕಾಗೆ ಹೇಳಿದೆ. ಅವರು ಬಾಗಿಲು ಹಾಕಿ ಬಂದು ಕೂತರು.

"ಹೋಗು, ಎರಡು ಮಾತಾಡು, ಊಟ ಮಾಡ್ಕೊಂಡು ಬಾ. ನಾ ದೀಪಾವಳಿಗೆ ರಿಟೈರ್. ನಿನ್ನ ಸಹಿ ಮುಂದಿನ ತಿಂಗಳ ಅದ, ನೆನಪಿರಲಿ."

ಸಭೆಯ ದಿನ ಬೆಳಗ್ಗೆ ಐದೂವರೆಗೆ ನಾನು ಡಬ್ಬಿ ಹಿಡಿದು ನಮ್ಮ ಓಣಿಯ ನಳಕ್ಕೆ ಹೋದೆ. ಕೊಡಗಳ ಸಾಲಿತ್ತು. ಅಕ್ಕ ಮಾತಾಡದೆ ತನ್ನ ಕೊಡ ಸರಿಸಿ ಜಾಗ ಕೊಟ್ಟಳು. ನೀರು ಹಿಡಿದೆ, ಹನಿ ಹಾಕಿದೆ. ಬಣ್ಣ ಬರಲಿಲ್ಲ. ಔಷಧ ಹಳೆಯದಿರಬಹುದು ಎಂದು ಟಾಕಿಯವರೆಗೆ ಓಡಿ ಆ ನಳದ ನೀರಿಗೆ ಹಾಕಿ ನೋಡಿದೆ, ಕೂಡಲೇ ಹಳದಿ. ತಿರುಗಿ ಬಂದು ಇನ್ನೊಮ್ಮೆ ಓಣಿಯ ನೀರು ಹಿಡಿದೆ. ನೀರು ನೀರಾಗಿಯೇ ನಿಂತಿತು.

"ಏನಾತು?" ಅಕ್ಕ ಕೇಳಿದಳು.

"ಬಣ್ಣ ಬರವಲ್ದು."

"ಬರಬೇಕಿತ್ತೇನು?"

"ಬರಬೇಕಿತ್ತು ಅಕ್ಕಾ."

ಠಾಣೆಯಲ್ಲಿ ಗಾಡಿ ಬದಲಿಸಿ ಪನವೇಲ್ ಲೋಕಲ್ ಹಿಡಿದೆ. ಕೂರಲು ಜಾಗವಿತ್ತು, ಕೂರಲಾಗಲಿಲ್ಲ. ಬೇಲಾಪುರಕ್ಕಿಂತ ಮೊದಲೇ ನೆರೂಳಿನಲ್ಲಿ ಇಳಿದು ತಿರುಗಿ ಹೋಗೋಣವೆಂದು ಬಾಗಿಲವರೆಗೆ ಬಂದೆ. ಹಿಂದಿನಿಂದ ಒಬ್ಬ, "ಉತರ್‌ನಾ ಹೈ ಕ್ಯಾ?" ಎಂದ. ಇಳಿಯುವುದಿಲ್ಲ ಎಂದುಬಿಟ್ಟೆ.

ಸಭೆಯಲ್ಲಿ ಗೋಡೆಯ ಪರದೆಯ ತುಂಬ ನನ್ನ ಹಸಿರು ಅಂಕಿಗಳಿದ್ದವು. ನನ್ನ ಸರದಿ ಬಂದಾಗ ಎದ್ದು ಮೇಜಿನ ಬಳಿ ನಿಂತೆ. ನನಗೆ ಬಂದಷ್ಟು ಮರಾಠಿಯಲ್ಲಿ ಹೇಳಿದೆ: ಇವು ಓಣಿಗಳ ಅಂಕಿಯಲ್ಲ, ಟಾಕಿಯ ಕೆಳಗಿನ ಒಂದೇ ನಳದವು. ಇವತ್ತು ಬೆಳಗ್ಗೆ ನಮ್ಮ ಓಣಿಯಲ್ಲಿ ಹಿಡಿದೆ, ಬಣ್ಣವೇ ಬರಲಿಲ್ಲ.

"ಎಲ್ಲವೂ ಆ ನಳದವೇ?" ಮೇಡಂ ಕೇಳಿದರು.

"ಎಲ್ಲವೂ."

ಅವರು ಪರದೆಯನ್ನೊಮ್ಮೆ ನೋಡಿ ಉಳಿದವರ ಕಡೆ ತಿರುಗಿ, ನಿಮ್ಮಲ್ಲಿ ನೀರು ಬಿಡುವುದು ಎಷ್ಟು ಗಂಟೆಗೆ, ಪರೀಕ್ಷೆ ಎಷ್ಟು ಗಂಟೆಗೆ ಎಂದು ಕೇಳಿದರು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು, ನಮ್ಮಲ್ಲಿ ನೀರು ನಾಲ್ಕಕ್ಕೆ, ಪರೀಕ್ಷೆ ಹನ್ನೊಂದಕ್ಕೆ ಎಂದರು. ಕೆಲವರು ನಕ್ಕರು. ಮೇಡಂ ನಗಲಿಲ್ಲ. ಪರದೆ ಆರಿಸಿ, ನನ್ನ ಹೆಸರು ಕೇಳಿ ಡೈರಿಯಲ್ಲಿ ಬರೆದುಕೊಂಡರು. ಯಾತಕ್ಕೆ ಬರೆದುಕೊಂಡರು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಈಗ ನೀರು ಬಿಟ್ಟ ಹೊತ್ತಿಗೇ ಪರೀಕ್ಷೆ ಮಾಡಬೇಕೆಂದು ಆರ್ಡರ್ ಬಂದಿದೆ. ನಮ್ಮ ಓಣಿ ಪಟ್ಟಿಯಲ್ಲಿ ಮೇಲೆ ಹೋಗಿದೆಯಂತೆ, ಅಗೆಯುವವರು ಇನ್ನೂ ಬಂದಿಲ್ಲ. ಕಾಕಾ ನನ್ನೊಡನೆ ಮಾತು ಬಿಟ್ಟಿದ್ದಾರೆ. ನನ್ನ ಕಾಗದಕ್ಕೆ ಸಹಿ ಬೀಳಬೇಕಾದ ತಾರೀಖು ದಾಟಿದೆ, ಕೇಳಿದರೆ ಸಾಹೇಬರು "ಬಘೂ, ನೋಡೋಣ" ಎನ್ನುತ್ತಾರೆ.

ಬೆಳಗ್ಗೆ ನಳದ ಮುಂದೆ ಹನಿ ಹಾಕಿ ಕಾಯುತ್ತೇನೆ. ಅಕ್ಕನೂ ಬಂದು ನಿಲ್ಲುತ್ತಾಳೆ. ನಿನ್ನೆಯೂ ಬಣ್ಣ ಬರಲಿಲ್ಲ. ರಜಿಸ್ಟರಿನಲ್ಲಿ ಸೊನ್ನೆಯನ್ನು ಸಣ್ಣದಾಗಿ ಬರೆಯಹೊರಟೆ.

"ದೊಡ್ಡದಾಗಿ ಬರಿ ಅಣ್ಣಾ," ಎಂದಳು ಅಕ್ಕ. "ಸೊನ್ನಿ ಅಷ್ಟ ನನಗ ಓದಾಕ ಬರ್ತದ."

ದೊಡ್ಡದಾಗಿಯೇ ಬರೆದೆ.