ಬಾನೆಟ್ಟಿನೊಳಗಿನ ಅರಿಶಿನ

ನನ್ನ ಕಾರಿನ ಬಾನೆಟ್ಟು ಎತ್ತಿದಾಗ ನಾನು ಎಲ್ಲ ಕಡೆ ನೋಡುತ್ತೇನೆ, ಒಂದು ಕಡೆ ಬಿಟ್ಟು. ಬ್ಯಾಟರಿ ನೋಡುತ್ತೇನೆ. ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು, ಏನೋ ಅರ್ಥವಾದವನಂತೆ ತಲೆಯಾಡಿಸುತ್ತೇನೆ. ಗಾಜು ತೊಳೆಯುವ ನೀರಿನ ಡಬ್ಬಿಯನ್ನೂ ಬಗ್ಗಿ ನೋಡುತ್ತೇನೆ. ಮೂಲೆಯಲ್ಲಿ ರೇಡಿಯೇಟರಿನ ಪಕ್ಕ ಕುಳಿತಿರುವ ಕೂಲೆಂಟ್ ಡಬ್ಬಿಯ ಕಡೆ ಮಾತ್ರ ಕಣ್ಣು ಹಾಯಿಸುವುದಿಲ್ಲ. ಎರಡು ವರ್ಷದಿಂದ ಹೀಗೇ ನಡೆದಿದೆ. ಒಂದು ಪ್ಲಾಸ್ಟಿಕ್ ಡಬ್ಬಿಗೆ ಮುಖ ಕೊಡಲಾಗದ ಮನುಷ್ಯನನ್ನು ನೀವು ಇದುವರೆಗೆ ನೋಡಿಲ್ಲದಿದ್ದರೆ ಹೊನ್ನಾಳಿಗೆ ಬನ್ನಿ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರ ಮನೆ ಯಾವುದೆಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ.

ಆ ಡಬ್ಬಿ ಪಾಪದ್ದು. ಇಂಜಿನ್ ಕಾದಾಗ ಒಳಗಿನ ನೀರು ಹಿಗ್ಗುತ್ತದೆ. ಹಿಗ್ಗಿದ್ದಕ್ಕೆ ಜಾಗ ಬೇಕಲ್ಲ, ಅದು ಸಣ್ಣದೊಂದು ಕೊಳವೆಯಲ್ಲಿ ಈ ಡಬ್ಬಿಗೆ ಬಂದು ಕೂರುತ್ತದೆ. ಇಂಜಿನ್ ಆರಿದ ಮೇಲೆ ಅದೇ ಕೊಳವೆಯಲ್ಲಿ ಸದ್ದಿಲ್ಲದೆ ಒಳಗೆ ವಾಪಸ್ ಹೋಗುತ್ತದೆ. ಕಾರು ಮಾಡಿದವನಿಗೆ ಇಷ್ಟು ತಿಳಿವಳಿಕೆ ಇತ್ತು. ನಮ್ಮನ್ನು ಮಾಡಿದವನಿಗೆ ಇರಲಿಲ್ಲ. ನಮಗೆ ಕಾದಾಗ ಉಕ್ಕಿದ್ದು ಎದುರಿಗಿದ್ದವರ ಮೇಲೇ ಬೀಳುತ್ತದೆ, ಆರಿದ ಮೇಲೆ ಎಷ್ಟು ಎಳೆದುಕೊಂಡರೂ ವಾಪಸ್ ಬರುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಕಾರು ಕಾಣದೆಯೇ ಹೇಳಿಟ್ಟಿದ್ದಾರೆ. ಪರೀಕ್ಷೆಗೆ ಬರುತ್ತದೆಂದು ಈ ಗಾದೆಯನ್ನು ಹುಡುಗನಾಗಿದ್ದಾಗ ನಾನೂ ವಿಸ್ತರಿಸಿ ಬರೆದಿದ್ದೆ, ಮುಕ್ಕಾಲು ಪುಟ.

ನನ್ನ ತಪ್ಪು ಶುರುವಾದದ್ದು ಕೆರೆಬಿಳಚಿಯಲ್ಲಿ. ನೆಂಟರ ಮದುವೆ ಮುಗಿಸಿಕೊಂಡು ನಾನೂ ಹೆಂಡತಿಯೂ ಊರಿಗೆ ಹೊರಟಿದ್ದೆವು. ಊರು ದಾಟುವಷ್ಟರಲ್ಲಿ ಕಾರಿನ ಕೆಳಗೆ ನೀರು ಸೋರುವುದು ಕಂಡಿತು. ಭಾನುವಾರ, ಗ್ಯಾರೇಜುಗಳೆಲ್ಲ ಮುಚ್ಚಿವೆ. ಪಕ್ಕದಲ್ಲಿ ಮೆಕ್ಕೆಜೋಳದ ಲಾರಿ ನಿಲ್ಲಿಸಿಕೊಂಡು ಚಹಾ ಕುಡಿಯುತ್ತಿದ್ದ ಡ್ರೈವರ್ ಬಂದು ಬಗ್ಗಿ ನೋಡಿದ.

"ರೇಡಿಯೇಟ್ರು ಸಣ್ಣಗೆ ತೂತು ಬಿದ್ದೈತೆ ಸಾರ್. ಒಂದು ಹಿಡಿ ಅರಿಶಿನ ಹಾಕ್ರಿ, ಮನೆ ಮುಟ್ಟಾಕೆ ಏನೂ ತೊಂದ್ರೆ ಇಲ್ಲ. ಹೋದ ಮ್ಯಾಲೆ ಮಾತ್ರ ಮರೀದಂಗೆ ತೊಳಸ್ರಿ."

ಲಾರಿಯವರಲ್ಲಿ ಇದು ಹಳೆಯ ಮದ್ದು. ಗಾಯಕ್ಕೆ ಅರಿಶಿನ ಒತ್ತುವ ಜನ ನಾವು, ರೇಡಿಯೇಟರಿನ ಗಾಯವನ್ನು ಮಾತ್ರ ಏಕೆ ಬಿಡಬೇಕು? ಮದುವೆ ಮನೆಯಲ್ಲಿ ಹೆಂಡತಿಗೆ ಕೊಟ್ಟಿದ್ದ ಅರಿಶಿನದ ಪೊಟ್ಟಣ ಮಡಿಲಲ್ಲೇ ಇತ್ತು. ಅವಳು ಬೇಡವೆಂದಳು. ನಾನು ಕೇಳಲಿಲ್ಲ. ಇಂಜಿನ್ ಆರುವವರೆಗೆ ಕಾದು, ಪೂರ್ತಿ ಪೊಟ್ಟಣ ಸುರಿದು, ನೀರು ತುಂಬಿಸಿದೆ. ಸೋರುವುದು ನಿಂತಿತು. ಅಷ್ಟು ಚೆನ್ನಾಗಿ ನಿಂತಿತೆಂದರೆ ಡ್ರೈವರನ ಮಾತಿನ ಮೊದಲರ್ಧ ಮಾತ್ರ ನನ್ನ ನೆನಪಿನಲ್ಲಿ ಉಳಿಯಿತು. ತೊಳೆಸಲಿಲ್ಲ.

ತೊಳೆಸದಿರಲು ಇನ್ನೊಂದು ಕಾರಣವಿತ್ತು. ಗ್ಯಾರೇಜಿಗೆ ಹೋದರೆ ಅರಿಶಿನ ಹಾಕಿದವರು ಯಾರೆಂದು ಕೇಳುತ್ತಾರೆ. ಗ್ಯಾರೇಜಿನಲ್ಲಿರುವವರೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳು. ಗಡಸು ನೀರು, ಮೆದು ನೀರು, ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆ, ಇವನ್ನೆಲ್ಲ ಅವರಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದವನು ನಾನು. ಅಂಥ ಮೇಷ್ಟ್ರು ಇಂಜಿನ್ನಿಗೆ ಒಗ್ಗರಣೆ ಹಾಕಿಕೊಂಡು ಬಂದಿದ್ದಾರೆಂದು ಸುದ್ದಿಯಾದರೆ ಮರ್ಯಾದೆಯ ಗತಿ ಏನು? ಈ ಮರ್ಯಾದೆ ಅನ್ನುವುದು ನನಗೆ ಎಷ್ಟು ದುಬಾರಿ ಬಿತ್ತೆಂದು ಮುಂದೆ ಹೇಳುತ್ತೇನೆ.

ನನ್ನ ಅಕ್ಕನನ್ನು ಕೊಟ್ಟಿರುವುದು ಜಗಳೂರಿಗೆ. ಭಾವ ಕುರಿ ಸಾಕಿದವರು. ಕುರಿಗಳ ಹತ್ತಿರ ಆಡಿದಷ್ಟು ಮಾತನ್ನೂ ಮನುಷ್ಯರ ಹತ್ತಿರ ಆಡುವವರಲ್ಲ. ಅರಿಶಿನದ ಪ್ರಸಂಗವಾಗಿ ಎರಡು ತಿಂಗಳಿಗೆ ಅವರ ಮಗಳಿಗೆ ದಾವಣಗೆರೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಬಾಣಂತಿಯನ್ನು ಬಸ್ಸಿನಲ್ಲಿ ಕರೆದೊಯ್ಯುವುದು ಬೇಡ, ನನ್ನ ಕಾರು ಒಯ್ಯಿರಿ ಎಂದು ನಾನೇ ಒತ್ತಾಯ ಮಾಡಿ ಭಾವನ ಕೈಗೆ ಕೀ ಕೊಟ್ಟೆ. ಅರಿಶಿನದ ವಿಷಯ ಹೇಳಲಿಲ್ಲ. ಮರೆತಿದ್ದೆ ಎಂದರೆ ನೀವು ನಂಬಬಹುದು, ನಾನು ನಂಬುವುದಿಲ್ಲ.

ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಜಗಳೂರು ಇನ್ನೂ ಮೂರು ಹರದಾರಿ ಇದೆ ಅನ್ನುವಾಗ ಕಾರು ಕಾದು ಹೊಗೆಯಾಡಿ ನಿಂತಿತು. ಒಳಗೆ ಹಸಿ ಬಾಣಂತಿ ಮತ್ತು ಐದು ದಿನದ ಕೂಸು. ಭಾವ ಇಬ್ಬರನ್ನೂ ಒಂದು ಬೇವಿನ ಮರದ ಕೆಳಗೆ ಕೂರಿಸಿ, ಯಾರದೋ ಹೊಲದ ಬೋರಿನಿಂದ ಎರಡು ಕೊಡ ನೀರು ಹೊತ್ತು ತಂದು ರೇಡಿಯೇಟರಿಗೆ ಹಾಕಿದರಂತೆ. ಕಾರು ಏಳಲಿಲ್ಲ. ಕೊನೆಗೆ ಹುಲ್ಲು ಒಯ್ಯುತ್ತಿದ್ದ ಗೂಡ್ಸ್ ಆಟೋದಲ್ಲಿ ಆ ಕೂಸು ಮೊದಲ ಸಲ ಮನೆ ಸೇರಿತು. ಕಾರನ್ನು ನಾನು ಹೊನ್ನಾಳಿಗೆ ಎಳೆಸಿಕೊಂಡು ಬಂದೆ. ಗ್ಯಾರೇಜಿನ ನನ್ನ ಶಿಷ್ಯ ರೇಡಿಯೇಟರ್ ಬಿಚ್ಚಿ, ಬೆರಳಿಗೆ ಹತ್ತಿದ ಹಳದಿ ಕೆಸರು ಮೂಸಿ, "ಅರಿಶಿನ ಹಾಕಿದ್ರೇನ್ ಸಾರ್?" ಎಂದ. "ಯಾರು ಹಾಕಿದ್ರೋ ಏನೋ, ಗಾಡಿ ಜಗಳೂರಿಗೆ ಹೋಗಿತ್ತು" ಎಂದೆ. ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಅವನು ರೇಡಿಯೇಟರನ್ನೇ ಬದಲಾಯಿಸಿದ. ಡಬ್ಬಿಯನ್ನು ಮಾತ್ರ ಸುಮ್ಮನೆ ಜಾಲಿಸಿ ಅಲ್ಲೇ ಬಿಟ್ಟ.

ಕೂಸಿಗೆ ಹೆಸರಿಡುವ ದಿನ ಜಗಳೂರಿಗೆ ಹೋದೆವು. ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದಾಗ ಪಕ್ಕದಲ್ಲಿದ್ದ ನೆಂಟರೊಬ್ಬರು, "ಅಲ್ರಿ ಮೇಷ್ಟ್ರೆ, ನಿಮ್ಮ ಗಾಡಿ ಕೈ ಕೊಡ್ತಂತಲ್ಲ, ಏನಾಗಿತ್ತು?" ಎಂದು ಕೇಳಿದರು. ಅವರು ಕೇಳಿದ್ದು ಬರೀ ಮಾತಿಗೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನನಗೆ ತನಿಖೆ ಶುರುವಾದ ಹಾಗಾಯಿತು. ಭಾವ ನೀರಿನ ಜಗ್ಗು ಹಿಡಿದು ಸಾಲಿನಲ್ಲಿ ಬಡಿಸುತ್ತ ಸರಿಯಾಗಿ ನನ್ನ ಮುಂದೆ ಬಂದಿದ್ದರು. ಅವರ ಮುಖ ನೋಡಿಕೊಂಡೇ ಹೇಳಿದೆ.

"ಏನಾಗ್ತೈತ್ರಿ? ಜಗಳೂರು ಬೋರಿನ ನೀರು ಕುಡಿಸಿದ್ರೆ. ಇವರ ನೀರು ಮನುಷ್ಯರಿಗೇ ಆಗಿಬರಲ್ಲ, ಇಂಜಿನ್ನಿಗೆ ಆಗ್ತೈತಾ?"

ಒಂದಿಬ್ಬರು ನಕ್ಕರು. ಭಾವ ನನ್ನ ಲೋಟಕ್ಕೆ ಬಗ್ಗಿಸಿದ್ದ ಜಗ್ಗನ್ನು ಮೆಲ್ಲಗೆ ಎತ್ತಿಕೊಂಡು, ಪಕ್ಕದವರ ಲೋಟ ತುಂಬಿಸಿ ಮುಂದೆ ಹೋದರು. ನಾನು ಅನ್ನ ಕಲಸುತ್ತಿರುವಾಗ ಅಂಗಡಿಯಿಂದ ಸೀಲು ಹಾಕಿದ ನೀರಿನ ಬಾಟಲಿಯೊಂದು ಬಂದು ನನ್ನ ಎಲೆಯ ಮುಂದೆ ನಿಂತಿತು.

ಹೊಳೆದಂಡೆಯಲ್ಲಿ ಹುಟ್ಟಿದವರಿಗೆ ನೀರಿನ ಸೊಕ್ಕು ಇರುತ್ತದೆ. ನಮಗೆ ತುಂಗಭದ್ರೆ ಇದ್ದಾಳೆ. ಚನ್ನಗಿರಿಯವರಿಗೆ ಸೂಳೆಕೆರೆ ಇದೆ, ಅವರದೂ ಒಂದು ಗತ್ತು. ಜಗಳೂರಿನವರು ಭೂಮಿಯನ್ನು ಎಷ್ಟೋ ಆಳ ಕೊರೆದು, ಬಂದಷ್ಟನ್ನು ಕೊಡದಲ್ಲಿ ಹಿಡಿದಿಟ್ಟು, ಬಾಗಿಲಿಗೆ ಬಂದವರಿಗೆ ಮೊದಲು ಅದನ್ನೇ ಕೊಡುತ್ತಾರೆ. ಕುಡಿಯುವ ನೀರನ್ನು ಹೀಗೆ ಹಂಗಿಸಿದರೆ ಆ ಮನೆಯಲ್ಲಿ ಹಂಗಿಸಲು ಇನ್ನೇನೂ ಉಳಿಯುವುದಿಲ್ಲ. ಅದಾದ ಮೇಲೆ ಅಕ್ಕನ ಮನೆಗೆ ಮೂರು ಸಲ ಹೋಗಿದ್ದೇನೆ. ಮೂರು ಸಲವೂ ಎಲ್ಲರಿಗೂ ಕೊಡದಿಂದ ತೆಗೆದ ನೀರು, ನನಗೆ ಬಾಟಲಿ. ಭಾವನೇ ತಂದುಕೊಡುತ್ತಾರೆ, ಎರಡೂ ಕೈಯಿಂದ, ಬಹಳ ಗೌರವದಿಂದ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಗೌರವಕ್ಕೆ ಏನು ಉತ್ತರ ಕೊಡುವುದು? ಅವರು ನನ್ನ ಕಾರನ್ನು ಮತ್ತೆ ಹತ್ತಿಲ್ಲ, ನಮ್ಮ ಮನೆಗೂ ಬಂದಿಲ್ಲ. ಅಕ್ಕ ಒಬ್ಬಳೇ ಬಸ್ಸಿನಲ್ಲಿ ಬಂದು, ಒಬ್ಬಳೇ ಬಸ್ಸಿನಲ್ಲಿ ಹೋಗುತ್ತಾಳೆ.

ಕಳೆದ ವಾರ ಅವಳ ಫೋನು ಬಂತು. ಕೂಸಿಗೆ ಈಗ ಮೂರನೆಯ ವರ್ಷ, ಸೋಮವಾರ ಜವಳ, ಕೂದಲು ತೆಗೆಸುತ್ತಾರೆ. "ಹಿಂದಿನ ದಿನಾನೇ ಬಾರಪ್ಪ" ಎಂದಳು. ಆಮೇಲೆ, "ಬಸ್ಸಿಗೆ ಬಂದ್ರೂ ನಡೀತೈತೆ" ಎಂದಳು. ಫೋನು ಇಟ್ಟ ಮೇಲೆ ಹೋಗಿ ಬಾನೆಟ್ಟು ಎತ್ತಿದೆ. ಈ ಸಲ ನೋಡಿದೆ. ಮಿನ್ ಎಂದೂ ಮ್ಯಾಕ್ಸ್ ಎಂದೂ ಬರೆದಿದ್ದ ಗೆರೆಗಳು ಕಾಣದ ಹಾಗೆ ಡಬ್ಬಿಯ ಒಳಗೆಲ್ಲ ಕಂದು ಹಳದಿ ಬಣ್ಣದ ಪೊರೆ ಕಟ್ಟಿತ್ತು.

ಇಂಜಿನ್ ತಣ್ಣಗಿರುವಾಗಲೇ ಈ ಕೆಲಸ ಮಾಡಬೇಕು, ಕಾದಾಗ ಮುಚ್ಚಳ ತಿರುವಿದರೆ ಮುಖ ಬೇಯುತ್ತದೆ. ಬೆಳಿಗ್ಗೆ ಎದ್ದು ಎರಡು ಬೋಲ್ಟು ಬಿಚ್ಚಿ, ಕ್ಲಿಪ್ಪು ಸಡಿಲಿಸಿ, ಕೊಳವೆ ಕಿತ್ತು, ಡಬ್ಬಿಯನ್ನು ಹೊರಗೆ ತೆಗೆದೆ. ಒಳಗಿದ್ದದ್ದನ್ನು ಹಳೆಯ ಕ್ಯಾನಿಗೆ ಬಗ್ಗಿಸಿ ಮುಚ್ಚಿಟ್ಟೆ, ಅದು ವಿಷ, ನಾಯಿ ನೆಕ್ಕಿದರೆ ಉಳಿಯುವುದಿಲ್ಲ. ಡಬ್ಬಿಯ ಬಾಯಿ ಸಣ್ಣದು, ಕೈ ಹೋಗುವುದಿಲ್ಲ, ಬ್ರಷ್ಷು ಮೂಲೆ ಮುಟ್ಟುವುದಿಲ್ಲ. ನಮ್ಮ ಅವ್ವ ಎಣ್ಣೆ ಬಾಟಲಿ ತೊಳೆಯುತ್ತಿದ್ದ ರೀತಿ ನೆನಪಾಯಿತು. ಒಂದು ಹಿಡಿ ಅಕ್ಕಿ, ಬಿಸಿನೀರು, ಸೋಪಿನ ಪುಡಿ ಹಾಕಿ, ಬಾಯಿ ಒತ್ತಿ ಹಿಡಿದು ಕುಲುಕಿದೆ. ಕೊಳೆಯೇನೋ ಬಿಟ್ಟಿತು, ಬಿಳಿ ಹಕ್ಕಳೆ ಬಿಡಲಿಲ್ಲ. ಅದಕ್ಕೆ ಹುಣಸೆಹಣ್ಣಿನ ಹುಳಿ ಹಾಕಿ ಒಂದು ಗಂಟೆ ಬಿಟ್ಟೆ. ಅರಿಶಿನಕ್ಕೆ ಹುಣಸೆಹುಳಿಯೂ ಸೇರಿತು, ಇನ್ನು ಬೇಳೆಯೊಂದು ಬಾಕಿ. ಪ್ರತಿ ಸಲ ಬಗ್ಗಿಸಿದಾಗಲೂ ಇದೇ ಕೊನೆ ಅಂದುಕೊಳ್ಳುತ್ತಿದ್ದೆ, ಪ್ರತಿ ಸಲವೂ ನೀರು ಹಳದಿಯಾಗಿಯೇ ಬರುತ್ತಿತ್ತು. ಏಳನೆಯ ಸಲಕ್ಕೆ ತಿಳಿಯಾಯಿತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪೊಟ್ಟಣ ಅವಳದೇ, ಅವಳಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ಎರಡು ವರ್ಷ ಅವಳೂ ನನಗಾಗಿ ಬಾಯಿ ಮುಚ್ಚಿಕೊಂಡಿದ್ದಾಳೆ, ಅದೂ ನನ್ನ ಲೆಕ್ಕದ ಪಾಪವೇ.

"ಡಬ್ಬಿ ತೊಳೆದ್ರೆ ಆತೇನ್ರಿ?" ಎಂದಳು.

ಡಬ್ಬಿ ಕೂರಿಸಿ, ಅಂಗಡಿಯಿಂದ ತಂದ ಹಸಿರು ಕೂಲೆಂಟನ್ನು ಎರಡು ಗೆರೆಗಳ ನಡುವೆ ನಿಲ್ಲುವಷ್ಟು ತುಂಬಿಸಿದೆ. ಭಾನುವಾರ ಒಬ್ಬನೇ ಕಾರಿನಲ್ಲಿ ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಪಾಠದ ಹಾಗೆ ಒಪ್ಪಿಸಿಕೊಂಡೆ. ಮೊದಲು ಸೋರಿದ್ದು, ಆಮೇಲೆ ಭಾನುವಾರದ ಗ್ಯಾರೇಜು, ಆಮೇಲೆ ಲಾರಿ ಡ್ರೈವರು, ಹೀಗೆ ಎಲ್ಲರೂ ಮುಂದೆ ಬಂದು ಕಡೆಗೆ ನಾನು ಬರುವಂತೆ.

ಭಾವ ಜಗಲಿಯಲ್ಲಿ ಕೂತು ಕುರಿ ಕಟ್ಟುವ ಹಗ್ಗ ಹೊಸೆಯುತ್ತಿದ್ದರು. ಪಾಠವೆಲ್ಲ ಮರೆತುಹೋಯಿತು.

"ಭಾವ, ಅವತ್ತು ಗಾಡಿ ಕೆಟ್ಟಿದ್ದು ನಿಮ್ಮ ನೀರಿನಿಂದ ಅಲ್ಲ. ಮೊದ್ಲೇ ನಾನೇ ಅರಿಶಿನ ಹಾಕಿದ್ದೆ. ನಿಮಗೆ ಹೇಳ್ದೆ ಕೊಟ್ಟೆ."

ಅವರ ಕೈ ನಿಲ್ಲಲಿಲ್ಲ. "ಗೊತ್ತೈತೆ ಮೇಷ್ಟ್ರೆ. ಮುಚ್ಚಳ ತೆಗೆದಾಗ್ಲೇ ವಾಸನೆ ಬಂತು. ನನ್ನ ಪಂಚೆ ಮ್ಯಾಲೆ ಹಳದಿ ಸಿಡೀತು. ನಿಮ್ಮಕ್ಕ ಎಷ್ಟು ಒಗೆದ್ರೂ ಹೋಗ್ಲಿಲ್ಲ."

"ಮತ್ತೆ ಅವತ್ತು ಪಂಕ್ತಿಯಾಗೆ ಯಾಕೆ ಸುಮ್ನಿದ್ರಿ?"

"ಎಲೆ ಮುಂದೆ ಕೂತೋರಿಗೆ ಏನು ಹೇಳಾಕೆ ಬರ್ತೈತೆ? ಕೈ ತೊಳೆದ ಮ್ಯಾಲೆ ನೀವೇ ಹೇಳ್ತೀರಿ ಅಂದ್ಕೊಂಡೆ. ಊರಿಗೆ ಹೋಗಿ ಫೋನ್ ಮಾಡ್ತೀರಿ ಅಂದ್ಕೊಂಡೆ. ಆಮ್ಯಾಲೆ ಅಂದ್ಕೊಳ್ಳಾದು ಬಿಟ್ಟೆ." ಹಗ್ಗದ ತುದಿಗೆ ಗಂಟು ಹಾಕಿ ಎದ್ದರು. "ಕೂತ್ಕೊಳ್ರಿ, ಬಿಸಿಲಾಗೆ ಬಂದೀರಿ. ನೀರು ತರ್ತೀನಿ."

ಅಕ್ಕನ ಮನೆಯ ನಡುಮನೆಯಲ್ಲಿ ನೀರಿನ ಕೊಡವೂ ಫ್ರಿಜ್ಜೂ ಪಕ್ಕಪಕ್ಕದಲ್ಲಿವೆ. ಜಗಲಿಯಲ್ಲಿ ಕೂತವನಿಗೆ ಒಳಗಿನದು ಕಾಣುವುದಿಲ್ಲ, ಕೇಳಿಸುತ್ತದೆ. ಹೊಸ್ತಿಲಲ್ಲಿ ನಿಂತಿದ್ದ ಅಕ್ಕನೂ ಒಳಗೇ ಕಿವಿಯಿಟ್ಟಿದ್ದಳು. ಭಾವನ ಹೆಜ್ಜೆ ನಿಂತಿತು. ಕೊಡದ ಮೇಲಿನ ತಟ್ಟೆ ಸರಿದ ಸದ್ದಿಗೆ ಕಾದೆ. ಅಷ್ಟು ಆಸೆಯಿಂದ ನಾನು ಯಾವ ಸದ್ದಿಗೂ ಕಾದವನಲ್ಲ.

ಫ್ರಿಜ್ಜಿನ ಬಾಗಿಲು ತೆರೆದು ಮುಚ್ಚಿತು.

ಎಂದಿನಂತೆ ಎರಡೂ ಕೈಯಿಂದ ಕೊಟ್ಟರು. ಸೀಲು ಒಡೆಯುವಾಗ ಡಬ್ಬಿಯಿಂದ ಬಂದ ಮೊದಲ ನೀರಿನ ಬಣ್ಣ ನೆನಪಾಯಿತು. ಒಂದು ಡಬ್ಬಿಗೇ ಏಳು ಸಲ ಬೇಕಾಯಿತು, ಇದು ಇನ್ನೂ ಮೊದಲನೆಯದು ಎಂದುಕೊಂಡು ಬಾಟಲಿ ಎತ್ತಿ ಕುಡಿದೆ.