ಡಬ್ಬಿ ಅವರಿಗೆ, ಕ್ಯಾಸೆಟ್ಟು ನಮಗೆ

ಆಗೆಲ್ಲ ಚಳಿ ಬಂತೆಂದರೆ ನಮ್ಮ ಸುಗಟೂರಿನ ಯಾವ ಬೀದಿಗೆ ಕಾಲಿಟ್ಟರೂ ಅವರೆಕಾಯಿಯ ಸೊಗಡೇ. ಬೆರಳಿಗೆ ಅಂಟಿದರೆ ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಹೆಂಗಸರು ಜಗಲಿಯ ಮೇಲೆ ಕುಳಿತು ಕಾಯಿ ಬಿಡಿಸುತ್ತಿದ್ದರು, ಒಳಗೆ ಹಿತಕಿದ ಬೇಳೆಯ ಸಾರು ಕುದಿಯುತ್ತಿತ್ತು, ಹಿತ್ತಲ ಕಡೆಯ ಹುಳದ ಮನೆಯಿಂದ ರೇಷ್ಮೆ ಹುಳಗಳು ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು. ನೀವೂ ಆ ಕಾಲದವರಾದರೆ ಇದೆಲ್ಲ ನಿಮಗೆ ಸಿಹಿಯಾಗಿಯೇ ನೆನಪಿರಬಹುದು. ನಾನು ಮಾತ್ರ ಆ ಸೊಗಡು ಮೂಗಿಗೆ ಬಡಿದರೆ ಈಗಲೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಅದೇ ಚಳಿಗಾಲದಲ್ಲಿ ನಮ್ಮ ಮನೆ ಪಾಲಾಯಿತು, ಅದೇ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ರಕ್ತ ಹರಿಯಿತು. ಅದೂ ಯಾತಕ್ಕೆ ಅಂತೀರಿ? ಟಿವಿ ಗೇಮಿನ ಖಾಲಿ ಡಬ್ಬಿಗೆ!

ಅಲ್ಲಿಯವರೆಗೆ ನಮ್ಮದು ಒಂದೇ ಮನೆ, ಒಂದೇ ಒಲೆ. ಅಪ್ಪ, ಚಿಕ್ಕಪ್ಪ, ಇಬ್ಬರ ಸಂಸಾರ, ಮೇಲೆ ಅಜ್ಜಿ. ನನ್ನ ಅಣ್ಣ ಮಂಜ, ಚಿಕ್ಕಪ್ಪನ ಮಗ ಸೀನ, ಇಬ್ಬರೂ ಒಂದೇ ವಾರಿಗೆಯವರು. ಮಂಜ ಕೆಲವೇ ತಿಂಗಳಿಗೆ ದೊಡ್ಡವನು. ನಾನು ಇಬ್ಬರಿಗೂ ತಂಗಿ. ಒಂದು ಸಲ ರೇಷ್ಮೆ ಗೂಡಿಗೆ ಒಳ್ಳೆಯ ರೇಟು ಸಿಕ್ಕಿತೆಂದು ಅಪ್ಪ, ಚಿಕ್ಕಪ್ಪ ಸೇರಿ ಕೋಲಾರದಿಂದ ಒಂದು ಟಿವಿ ಗೇಮ್ ತಂದರು. ಟಿವಿಗೆ ಸಿಕ್ಕಿಸುವ ಒಂದು ಮಿಷನ್ನು, ಎರಡು ರಿಮೋಟು, ಮೇಲಿನಿಂದ ತುರುಕುವ ಕ್ಯಾಸೆಟ್ಟು. ಒಂದೊಂದು ಕ್ಯಾಸೆಟ್ಟಿಗೆ ಒಂದೊಂದು ಆಟ: ವಿಮಾನದ್ದು, ಟ್ಯಾಂಕಿನದು, ಬಂದೂಕಿನದು.

ಊರಿನ ಬೇರೆ ಹುಡುಗರಿಗೆ ಆಡುವುದಷ್ಟೇ ಬೇಕು. ಮಂಜನಿಗೆ ಅದೆಲ್ಲ ಆಮೇಲೆ. ಅವನಿಗೆ ಮೊದಲು ಎಲ್ಲವೂ ಪೂರ್ತಿ ಇರಬೇಕು. ಕ್ಯಾಸೆಟ್ಟಿಗೆ ಅದರದೇ ರಟ್ಟಿನ ಡಬ್ಬಿ ಇರಬೇಕು, ಡಬ್ಬಿಯ ಕಿವಿ ಹರಿದಿರಬಾರದು, ಒಳಗೆ ಮಡಚಿಟ್ಟ ಹಾಳೆ ಇರಬೇಕು. ಆ ಹಾಳೆಯಲ್ಲಿ ಏನು ಬರೆದಿದೆಯೆಂದು ನಮ್ಮಲ್ಲಿ ಒಬ್ಬರಿಗೂ ಓದಲು ಬರುತ್ತಿರಲಿಲ್ಲ. ಆದರೂ ಅದು ಇಲ್ಲದಿದ್ದರೆ ಅವನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಡಬ್ಬಿ ತೆರೆದು ಮೂಗು ಒಳಗಿಟ್ಟು ಆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಎಳೆದುಕೊಂಡು ಕಣ್ಣು ಮುಚ್ಚುತ್ತಿದ್ದ. ವಿಮಾನದ ಕ್ಯಾಸೆಟ್ಟಿನ ಹಾಳೆ ಶ್ರೀನಿವಾಸಪುರದ ಒಬ್ಬ ಹುಡುಗನ ಹತ್ತಿರ ಇದೆಯೆಂದು ಗೊತ್ತಾದಾಗ, ಯಲ್ದೂರಿನ ನಮ್ಮ ತಾಯಿಯ ತವರಿನ ತೋಟದಿಂದ ಒಂದು ಚೀಲ ಮಾವಿನ ಹಣ್ಣು ಹೊತ್ತುಕೊಂಡು ಹೋದ. ಆ ಪುಣ್ಯಾತ್ಮ ಹಣ್ಣು ಇಳಿಸಿಕೊಂಡು ಹಾಳೆ ಕೊಡಲ್ಲ ಅಂದನಂತೆ. ಮಂಜ ಹಾಳೆ ತಂದ. ಆ ಹುಡುಗನ ತುಟಿ ಸೀಳಿ ತಂದ. ಅವನ ಅಮ್ಮ ನಮ್ಮ ಮನೆಯ ಬಾಗಿಲಿಗೆ ಬಂದು ಮಣ್ಣು ತೂರಿ ಶಾಪ ಹಾಕಿ ಹೋದಳು. ಮಂಜ ಒಳಗೆ ಕುಳಿತು ಹಾಳೆಯ ಮಡಿಕೆಗಳನ್ನು ಉಗುರಿನಿಂದ ತೀಡುತ್ತಿದ್ದ.

ಸೀನ ಇದಕ್ಕೆ ತದ್ವಿರುದ್ಧ. ಶಾಲೆಯಿಂದ ಬಂದವನೇ ಹುಳಕ್ಕೆ ಸೊಪ್ಪು ಕೊಚ್ಚುವುದು ಅವನ ಕೆಲಸ. ಕೈಯೆಲ್ಲ ಹಿಪ್ಪುನೇರಳೆಯ ಕರೆ. ಆ ಕೈಯಲ್ಲೇ ಓಡಿ ಬಂದು ಡಬ್ಬಿಗೆ ಕೈ ಹಾಕುತ್ತಿದ್ದ.

"ಲೇ, ಕೈ ತೊಳ್ಕೊಂಡು ಬಾರೋ!"

"ತೊಳ್ದಿದ್ದೀನಿ ಕಣೋ."

"ಇನ್ನೊಂದ್ಸಲ ತೊಳಿ. ಡಬ್ಬಿ ಮುಟ್ಬ್ಯಾಡ. ನಾನೇ ತೆಗ್ದು ಕೊಡ್ತೀನಿ."

"ನನ್ನ ಕೈಗೇನ್ ಕುಷ್ಠ ಬಂದೈತೇನ್ಲಾ?"

ಅಲ್ಲಿಗೆ ಶುರು. ಗುದ್ದು, ಒದೆ, ಕೂದಲು ಹಿಡಿದು ಎಳೆದಾಟ. ಅಜ್ಜಿ ಮುಳಬಾಗಿಲು ಕಡೆಯವಳು, ಕೋಪ ಬಂದರೆ ಅವಳ ಬಾಯಲ್ಲಿ ಕನ್ನಡ ನಿಲ್ಲುತ್ತಿರಲಿಲ್ಲ, ಬರೀ ತೆಲುಗು. "ಒರೇ ಸಚ್ಚಿನೋಡಾ, ವದಲರಾ ವಾಣ್ಣಿ!" ಸಾಯೋನೇ, ಬಿಡೋ ಅವನನ್ನ ಎಂದು ಬಿಡಿಸಲು ಬಂದು ಅವಳೂ ಒಂದೆರಡು ಏಟು ತಿನ್ನುತ್ತಿದ್ದಳು. ಅರ್ಧ ಗಂಟೆ ಕಳೆದರೆ ಇಬ್ಬರೂ ಪಕ್ಕಪಕ್ಕ ಕುಳಿತು, ಒಬ್ಬನ ಮೊಣಕಾಲು ಇನ್ನೊಬ್ಬನ ತೊಡೆಯ ಮೇಲೆ, "ಹೊಡಿಯೋ, ಹೊಡಿಯೋ, ಎಡಕ್ಕೆ ಬಂದ" ಎಂದು ಟಿವಿಗೆ ಕಿರುಚುತ್ತಿದ್ದರು.

ಮನೆ ಏಕೆ ಪಾಲಾಯಿತು ಅಂತ ನನ್ನನ್ನು ಕೇಳಬೇಡಿ. ಬೋರ್‌ವೆಲ್ಲಿನ ನೀರು, ಅಡುಗೆಮನೆಯ ಮಾತು, ಎಲ್ಲ ಮನೆಗಳಲ್ಲೂ ಇರುವುದೇ. ಆದರೆ ಪಾಲು ಹಾಕುವುದಕ್ಕೆ ನಮ್ಮಲ್ಲಿ ಒಂದು ಕಟ್ಟು ಇದೆ. ದೊಡ್ಡವನು ಎರಡು ಪಾಲು ಮಾಡಿ ಇಡಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ಆಗ ಪಾಲು ಮಾಡುವವನು ಮೋಸ ಮಾಡುವುದಿಲ್ಲ. ಈ ಕಟ್ಟನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರೆಂದರೆ, ತಾತನ ಕಾಲದ ಪಾಲಿನಲ್ಲಿ ಒರಳು ಒಂದು ಮನೆಗೆ ಹೋಗಿ ರುಬ್ಬುಗುಂಡು ಇನ್ನೊಂದು ಮನೆಗೆ ಬಂದಿತ್ತಂತೆ. ಎರಡು ಮನೆಯವರೂ ದೋಸೆ ತಿನ್ನದೆ ಕುಳಿತರೇ ಹೊರತು ಕೇಳಿ ಪಡೆಯಲಿಲ್ಲವಂತೆ. ಇಂಥ ವಂಶ ನಮ್ಮದು.

ಊರಿನ ಹಿರಿಯ ಮುನಿವೆಂಕಟಪ್ಪನವರು ಜಗಲಿಯ ಮೇಲೆ ಕುಳಿತರು. ಹಸು, ಹುಳದ ತಟ್ಟೆಗಳು, ಹಂಡೆ, ತಪ್ಪಲೆ, ಎಲ್ಲ ಬೆಳಗಿನಿಂದ ಪಾಲಾದವು. ಏಳುವ ಹೊತ್ತಿಗೆ ಚಿಕ್ಕಪ್ಪ ಬಾಯಿ ತೆಗೆದರು.

"ಅಣ್ಣಾ, ಆ ಗೇಮು ಬಿಟ್ಟೋಯ್ತಲ್ಲ."

"ಮಕ್ಕಳಾಟದ ಸಾಮಾನು ಕಣೋ ಅದು. ಅದರಲ್ಲೇನ್ ಪಾಲು?"

"ಅದೂ ಗೂಡಿನ ದುಡ್ಡಲ್ಲೇ ತಂದಿದ್ದು. ಪಾಲು ಅಂದ್ಮೇಲೆ ಪಾಲು."

ಅಪ್ಪನಿಗೆ ರೇಗಿತು. ಮಂಚದ ಕೆಳಗಿನ ಟ್ರಂಕನ್ನು ದರದರ ಎಳೆದು ತಂದು ಬೋರಲು ಹಾಕಿದರು. ಒಂದೊಂದೇ ಡಬ್ಬಿ ತೆರೆದು, ಕರಿ ಕ್ಯಾಸೆಟ್ಟುಗಳನ್ನು ಒಂದು ಕಡೆ, ಬಣ್ಣದ ಡಬ್ಬಿಗಳನ್ನು ಇನ್ನೊಂದು ಕಡೆ ಜೋಡಿಸಿದರು. ಕ್ಯಾಸೆಟ್ಟಿನ ಕಡೆಗೆ ಮಿಷನ್ನು, ಡಬ್ಬಿಯ ಕಡೆಗೆ ಟಿವಿ. ಅಪ್ಪ ಬೇಕೆಂದೇ ಮಾಡಲಿಲ್ಲ. ಅವರ ಕಣ್ಣಿಗೆ ಅದು ನಿಜಕ್ಕೂ ಸಮ ಪಾಲು. ಮುನಿವೆಂಕಟಪ್ಪನವರೂ ಎರಡು ರಾಶಿಯನ್ನು ನೋಡಿ, "ಸಮ ಐತೆ, ಎತ್ಕೊಳ್ಳಪ್ಪಾ" ಎಂದುಬಿಟ್ಟರು.

ಮಂಜ ಜನರ ನಡುವೆ ನುಗ್ಗಿ ಬಂದ. "ಅಪ್ಪಾ, ಅವೆರಡೂ ಒಂದೇ ಕಣಪ್ಪಾ! ಬೇರೆ ಮಾಡ್ಬ್ಯಾಡ! ಬೇರೆ ಮಾಡಿದ್ರೆ ಎರಡೂ ದಂಡ!"

ಬೆಳಗಿನಿಂದ ಎಲ್ಲಿ ತಡೆದಿಟ್ಟಿದ್ದರೋ ಆ ಸಿಟ್ಟನ್ನೆಲ್ಲ ಸೇರಿಸಿ ಅಪ್ಪ ಅವನ ಕೆನ್ನೆಗೆ ಬಾರಿಸಿದರು. ಮೂಗಿನಿಂದ ರಕ್ತ ಬಂತು. ಬಾಗಿಲ ಮರೆಯಲ್ಲಿದ್ದ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಮೊಮ್ಮಗನ ಮೂಗಿನ ರಕ್ತ ನೋಡಿ ಅಳುತ್ತಿದ್ದಾಳೆಂದೇ ನಾನು ತಿಳಿದಿದ್ದೆ. ಅವಳಿಗೆ ಆ ಒರಳು, ರುಬ್ಬುಗುಂಡು ನೆನಪಾಗಿದ್ದವೆಂದು ಆಮೇಲೆ ಗೊತ್ತಾಯಿತು.

ಚಿಕ್ಕಪ್ಪ ಎರಡು ರಾಶಿಯನ್ನೂ ನೋಡುತ್ತ ಅನುಮಾನಿಸುತ್ತಿದ್ದರು. ಆಗ ಸೀನ, "ಡಬ್ಬಿ ಎತ್ಕೊಳ್ಳಪ್ಪಾ" ಅಂದ. ಅವನು ಟಿವಿಯ ಆಸೆಗೆ ಹೇಳಲಿಲ್ಲ. ಹೇಳುವಾಗ ಅವನ ಕಣ್ಣು ಮಂಜನ ಮೇಲಿತ್ತು.

ಆಮೇಲೆ ನಡುಮನೆಗೆ ಗೋಡೆ ಏಳತೊಡಗಿತು. ಗಾರೆಯವನು ದಿನವೂ ಬಂದು ಒಂದಿಷ್ಟು ಇಟ್ಟಿಗೆ ಕಟ್ಟಿ ಹೋಗುತ್ತಿದ್ದ. ಗೋಡೆ ನನ್ನ ಎದೆ ಮಟ್ಟಕ್ಕೆ ಬಂದಾಗ ಸೀನ ಹೊಸ ಆಟ ಹೂಡಿದ. ಬೆಳಿಗ್ಗೆ ಎದ್ದವನೇ ಒಂದು ಡಬ್ಬಿಯಿಂದ ಚೂರು ಹರಿದು ಗೋಡೆಯ ಮೇಲಿನಿಂದ ನಮ್ಮ ಕಡೆಗೆ ಎಸೆಯುತ್ತಿದ್ದ. ಒಂದು ದಿನ ಡಬ್ಬಿಯ ಕಿವಿ, ಇನ್ನೊಂದು ದಿನ ಟ್ಯಾಂಕಿನ ಚಿತ್ರದ ತುಂಡು. ಮಂಜ ನೆಲದ ಮೇಲೆ ತೆವಳಿ ಆ ಚೂರುಗಳನ್ನು ಆರಿಸಿ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟುಕೊಳ್ಳುತ್ತಿದ್ದ. ಅಳುತ್ತಿರಲಿಲ್ಲ. ಹಲ್ಲು ಕಡಿಯುವ ಶಬ್ದ ನನಗೆ ಕೇಳಿಸುತ್ತಿತ್ತು.

ಮನೆಯ ಹೊರಗೆ ಯುದ್ಧವೇ ಆಯಿತು. ಶಾಲೆಯ ದಾರಿಯಲ್ಲಿ ಮಂಜ ಸೀನನನ್ನು ಮುಳ್ಳು ಬೇಲಿಗೆ ತಳ್ಳಿದ. ಸೀನ ಬೀಸಿದ ಕಲ್ಲು ಮಂಜನ ಹಣೆ ಒಡೆಯಿತು. ನಾನೂ ಸುಮ್ಮನಿರಲಿಲ್ಲ, ಸೀನನ ತೋಳಿಗೆ ಹಲ್ಲು ಊರಿ ಕಚ್ಚಿದೆ. ಚಿಕ್ಕಮ್ಮ ನನ್ನ ಜಡೆ ಹಿಡಿದು ಬೀದಿಯಲ್ಲಿ ತಿರುಗಿಸಿದಳು. ಅಮ್ಮ ಪೊರಕೆ ಹಿಡಿದುಕೊಂಡು ಹೋಗಿ ಚಿಕ್ಕಮ್ಮನಿಗೆ ಬಾರಿಸಿದಳು. ಒಂದೇ ಸಾರಿನ ಪಾತ್ರೆಗೆ ಸೌಟು ಹಾಕಿದ್ದ ಹೆಂಗಸರು!

ಸಂಕ್ರಾಂತಿ ಹತ್ತಿರ ಬಂದಿತ್ತು. ಮಧ್ಯಾಹ್ನ ನಾನು ಅಜ್ಜಿಯ ಜೊತೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದೆ. ಗೋಡೆಯ ಮೇಲಿನಿಂದ ಮಡಚಿದ ಹಾಳೆಯ ಅರ್ಧ ಬಂದು ಬಿತ್ತು. ಶ್ರೀನಿವಾಸಪುರದಿಂದ ತಂದಿದ್ದ ಹಾಳೆ. ಮಂಜ ಅದನ್ನು ಎತ್ತಿ ನೋಡಿದ. ಮರುಕ್ಷಣ ಗೋಡೆಗೆ ಎದೆ ಕೊಟ್ಟು ಹಾರಿದ. ಹಸಿ ಗಾರೆ ಕುಸಿದು, ಇಟ್ಟಿಗೆಗಳ ಸಮೇತ ಆ ಕಡೆಗೆ ಬಿದ್ದ. ನಾನು ಕುಸಿದ ಸಂದಿನಲ್ಲಿ ಹಿಂದೆಯೇ ನುಗ್ಗಿದೆ.

ಸೀನ ನೆಲದಲ್ಲಿ ಮಣೆ ಹಾಕಿಕೊಂಡು ಚಿಕ್ಕ ಹುಳಗಳಿಗೆ ಸೊಪ್ಪು ಕೊಚ್ಚುತ್ತಿದ್ದ. ಪಕ್ಕದಲ್ಲೇ ವಿಮಾನದ ಡಬ್ಬಿ. ಮಂಜನನ್ನು ಕಂಡವನೇ ಡಬ್ಬಿಯನ್ನು ಮಣೆಯ ಮೇಲೆ ಇಟ್ಟು ಎಡಗೈಯಲ್ಲಿ ಒತ್ತಿ ಹಿಡಿದು, ಬಲಗೈಯ ಕತ್ತಿ ಎತ್ತಿದ.

"ಬಾರ್ಲಾ! ಇನ್ನೊಂದ್ ಹೆಜ್ಜೆ ಇಡು, ಸೊಪ್ಪಿನ ತರ ಕೊಚ್ಚಾಕ್ತೀನಿ ಇದನ್ನ!"

ಮಂಜ ಅವನ ಬಲಗೈಯ ಮೇಲೆ ಬಿದ್ದ. ಮಣಿಕಟ್ಟು ತಿರುಚಿ ಕತ್ತಿ ಕಿತ್ತುಕೊಂಡ. ಸೀನನ ಎಡಗೈ ಡಬ್ಬಿಯನ್ನು ಬಿಟ್ಟಿರಲಿಲ್ಲ.

"ಬಿಡೋ ಡಬ್ಬಿ."

"ಬಿಡಲ್ಲ. ಈ ಕೈ ತೊಳ್ದಿಲ್ಲ ಕಣೋ, ನೋಡು, ಈ ಕೈಯಲ್ಲೇ ಹಿಡ್ಕೊಂಡಿದ್ದೀನಿ. ಏನ್ ಮಾಡ್ತೀಯ?"

ಹೆದರಿಸುವುದಕ್ಕೆ ಬೀಸಿದೆ, ಮಣೆಗೆ ಬೀಸಿದೆ ಎಂದು ಮಂಜ ಇವತ್ತಿಗೂ ಹೇಳುತ್ತಾನೆ. ಇರಬಹುದು. ನಾನು ಕಂಡದ್ದು ಇಷ್ಟೇ: ಕತ್ತಿ ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು. ಸೀನನ ಎರಡು ಬೆರಳು ಕೊಚ್ಚಿದ ಸೊಪ್ಪಿನ ಮೇಲೆ ಬಿದ್ದಿದ್ದವು.

ಸೀನ ತನ್ನ ಕೈಯನ್ನು ನೋಡುತ್ತ ಕುಳಿತ. ಕೂಗಿದವಳು ನಾನು. ಮಂಜ ಡಬ್ಬಿಯನ್ನು ಎತ್ತಿಕೊಂಡು, ಅದಕ್ಕೆ ಸಿಡಿದಿದ್ದ ರಕ್ತವನ್ನು ತನ್ನ ಅಂಗಿಯ ಚುಂಗಿನಿಂದ ಒರೆಸುತ್ತಿದ್ದ. ಮೂಲೆ ಮೂಲೆಗೂ ಒರೆಸುತ್ತಿದ್ದ. ಅವನು ನನ್ನ ಒಡಹುಟ್ಟಿದ ಅಣ್ಣ. ಆದರೂ ಆ ಗಳಿಗೆಯಲ್ಲಿ ಅವನನ್ನು ಕೊಂದುಬಿಡಬೇಕು ಅನ್ನಿಸಿತು.

ತೋಟದಿಂದ ಅಪ್ಪ, ಚಿಕ್ಕಪ್ಪ ಓಡಿ ಬಂದರು. ಚಿಕ್ಕಪ್ಪ ಮಂಜನನ್ನು ನೆಲಕ್ಕೆ ಕೆಡವಿ ಒದ್ದರು. ಅಪ್ಪ ಬಿಡಿಸಿಕೊಳ್ಳುತ್ತಾರೆಂದು ನೋಡಿದರೆ, ಅಪ್ಪನೂ ಸೊಂಟದ ಬೆಲ್ಟು ಕಳಚಿದರು. ಪಾಲಾದ ಮೇಲೆ ಆ ಅಣ್ಣ ತಮ್ಮ ಕೂಡಿ ಮಾಡಿದ ಕೆಲಸ ಅದೊಂದೇ. ಮಂಜನ ಬೆನ್ನಿನ ಚರ್ಮ ಕಿತ್ತು ಬಂದಿತ್ತು. ಹಾಲಿನ ಗಾಡಿಯಲ್ಲಿ ಸೀನನನ್ನು ಕೋಲಾರದ ಆಸ್ಪತ್ರೆಗೆ ಕರೆದೊಯ್ದರು. ಬೆರಳುಗಳನ್ನು ಅರಿಶಿನ ಮೆತ್ತಿ ಬಟ್ಟೆಯಲ್ಲಿ ಸುತ್ತಿ ಅಜ್ಜಿ ಮಡಿಲಲ್ಲಿ ಇಟ್ಟುಕೊಂಡು ಹೋಗಿದ್ದಳು. ಇವು ಇನ್ನು ಕೂಡುವುದಿಲ್ಲ ಎಂದರಂತೆ ಡಾಕ್ಟರು. ವಾಪಸು ಬಂದವಳೇ ಅಜ್ಜಿ ನಮ್ಮ ಪಾಲಿನ ಕ್ಯಾಸೆಟ್ಟುಗಳನ್ನೆಲ್ಲ ಬಾಚಿ ಬಚ್ಚಲ ಒಲೆಗೆ ತುರುಕಿದಳು. ಅವರೆಕಾಯಿಯ ಸೊಗಡಿನ ಜೊತೆ ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ಮನೆಯ ಎರಡು ಕಡೆಗೂ ತುಂಬಿತು. ವಿಮಾನದ ಡಬ್ಬಿಯನ್ನು ಚಿಕ್ಕಪ್ಪ ಮಂಜನ ಕೈಯಿಂದ ಕಿತ್ತುಕೊಂಡು ತಮ್ಮ ಅಟ್ಟಕ್ಕೆ ಎಸೆದರು. ಗೋಡೆಯನ್ನು ಮರುದಿನವೇ ಸೂರಿನವರೆಗೂ ಕಟ್ಟಿಸಿದರು.

ಮಂಜ ಈಗ ಮಾಲೂರಿನಲ್ಲಿದ್ದಾನೆ, ಕಾರ್ಖಾನೆಯ ಕೆಲಸ. ಮನೆಯ ಒಂದು ಕೋಣೆ ತುಂಬ ಹಳೆಯ ಗೇಮುಗಳು. ಎಲ್ಲೆಲ್ಲಿಂದಲೋ ತರಿಸುತ್ತಾನೆ. ಡಬ್ಬಿ, ಹಾಳೆ, ಕ್ಯಾಸೆಟ್ಟು ಮೂರೂ ಇದ್ದರೆ ಮಾತ್ರ ಗಾಜಿನ ಬೀರುವಿಗೆ ಏರುತ್ತದೆ. ಯಾರೂ ಆಡುವ ಹಾಗಿಲ್ಲ. ಸ್ವಂತ ಮಗ ಒಂದು ಸಲ ಬೀರು ತೆರೆದದ್ದಕ್ಕೆ ಕಿವಿಯ ಮೇಲೆ ಹೊಡೆದ, ಆ ಮಗು ಎರಡು ದಿನ ಕಿವಿ ಹಿಡಿದುಕೊಂಡಿತ್ತು. ಸೀನ ಸುಗಟೂರಿನಲ್ಲೇ ಇದ್ದು ಟೊಮೆಟೊ ಬೆಳೆಯುತ್ತಾನೆ. ಅಪ್ಪ ತೀರಿಕೊಂಡಾಗ ಸೀನ ಬೀದಿಯಲ್ಲೇ ನಿಂತಿದ್ದು ಹೋದ. ನನ್ನ ಮದುವೆಗೆ ಬರಲಿಲ್ಲ. ಗೌರಿ ಹಬ್ಬಕ್ಕೆ ನನಗೆ ಎರಡು ಬಾಗಿನ ಬರಬೇಕು, ಒಂದೇ ಬರುತ್ತದೆ. ಬಂದ ಆ ಒಂದನ್ನು ಮುಂದಿಟ್ಟುಕೊಂಡು ನಾನು ಪ್ರತಿ ವರ್ಷ ಅಳುತ್ತೇನೆ, ಗಂಡ ಬೈಯುತ್ತಾನೆ.

ಆದರೂ ಊರಿಗೆ ಹೋದಾಗಲೆಲ್ಲ ನಾನು ಆ ಕಡೆಯ ಬಾಗಿಲನ್ನೂ ತಟ್ಟುತ್ತೇನೆ. ಸೀನ ಮೂರು ಬೆರಳಿನ ಕೈಯಲ್ಲಿ ಕಾಫಿ ಲೋಟ ಕೊಡುತ್ತಾನೆ. ನೆಲ ನೋಡಿಕೊಂಡು, "ಮಂಜಣ್ಣ ಹೆಂಗವ್ನೆ?" ಎಂದು ಕೇಳುತ್ತಾನೆ. ಪ್ರತಿ ಸಲವೂ ಕೇಳುತ್ತಾನೆ.

ಮೊನ್ನೆ ಮಾಲೂರಿಗೆ ಹೋಗಿದ್ದೆ. ಮಂಜ ಬೀರುವಿನ ಮುಂದೆ ನಿಲ್ಲಿಸಿಕೊಂಡು ಒಂದು ಖಾಲಿ ಜಾಗ ತೋರಿಸಿದ. ವಿಮಾನದ ಕ್ಯಾಸೆಟ್ಟು ಸಿಕ್ಕಿದೆಯಂತೆ. ಆದರೆ ಅಂಥ ರಟ್ಟಿನ ಡಬ್ಬಿಯನ್ನು ಯಾರೂ ಉಳಿಸಿಕೊಂಡಿಲ್ಲವಂತೆ, ಎಲ್ಲಿ ಹುಡುಕಿದರೂ ಇಲ್ಲವಂತೆ.

"ರತ್ನಾ, ನೀನು ಆ ಕಡೆ ಮನೆಗೂ ಹೋಗ್ತೀಯಲ್ಲ. ಅಟ್ಟದ ಮೇಲೆ ಆ ಡಬ್ಬಿ ಐತಾ ಕೇಳ್ತೀಯಾ?"

ನನ್ನ ಮೈಯೆಲ್ಲ ಉರಿದುಹೋಯಿತು. "ಕೇಳ್ತೀನಿ ಕಣೋ. ಮೊದ್ಲು ಅವನ ಕೈ ಹೆಂಗೈತೆ ಅಂತ ನೀನು ನನ್ನ ಕೇಳು. ಇಷ್ಟು ವರ್ಷದಲ್ಲಿ ಒಂದ್ಸಲ ಕೇಳಿದ್ದೀಯಾ? ಕೇಳು, ಆಮೇಲೆ ನಿನ್ನ ಡಬ್ಬಿ ನಾನೇ ತಂದುಕೊಡ್ತೀನಿ."

ಮಂಜ ತಲೆ ತಗ್ಗಿಸಿದ. ಅವನ ತುಟಿ ಅಲುಗಿತು. ಕೊನೆಗೂ ಕೇಳುತ್ತಾನೆ ಎಂದುಕೊಂಡೆ.

"ಹಾಳೆದು ಇನ್ನರ್ಧ ಅವನತ್ರಾನೇ ಇರ್ಬೇಕು," ಅಂದ. "ಅದನ್ನೂ ಕೇಳು."